ಆಟಕ್ಕುಂಟು, ಲೆಕ್ಕಕ್ಕಿಲ್ಲ

"ಬೇರೆ ಏನಾದ್ರೂ ಮಾತ್ರೆ ತಗೊಳ್ತಾ ಇದೀರಾ ಮೇಡಂ?"

ಹಲ್ಲಿನ ಡಾಕ್ಟರ್ ಕೇಳಿದ್ದು ಇಷ್ಟೇ. ನಾನು ಆ ಉದ್ದನೆಯ ಕುರ್ಚಿಯಲ್ಲಿ ಕಾಲು ಚಾಚಿ ಬಿದ್ದಿದ್ದೆ. ಮುಖದ ಮೇಲೆ ದೀಪ, ಮೂಗಿಗೆ ಲವಂಗದೆಣ್ಣೆ ವಾಸನೆ. "ಏನೂ ಇಲ್ಲ" ಅಂದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ, ಥೈರಾಯ್ಡ್ ಇಲ್ಲ. ಅಂದಮೇಲೆ ಏನೂ ಇಲ್ಲ ಅಂತಲೇ ಅಲ್ವಾ?

ಬಾಗಿಲ ಹತ್ತಿರ ಮೊಬೈಲ್ ನೋಡುತ್ತಾ ನಿಂತಿದ್ದ ನಮ್ಮ ಮನೆಯವರು ತಲೆ ಎತ್ತದೆ ಹೇಳಿದರು: "ತಲೆನೋವಿಗೆ ಅಂತ ದಿನಾ ನುಂಗ್ತಾಳಲ್ಲ."

ಸಿರಿಂಜ್ ಹಿಡಿದಿದ್ದ ಕೈ ಅಲ್ಲೇ ನಿಂತಿತು. "ಯಾವ್ದು?"

"ಅದು ಮೈಗ್ರೇನಿಗೆ ಡಾಕ್ಟ್ರೇ. ಪ್ರೊಪ್ರನೊಲಾಲ್. ಚಿಕ್ಕ ಡೋಸು."

ಡಾಕ್ಟರ್ ಸಿರಿಂಜನ್ನು ಟ್ರೇಗೆ ಇಟ್ಟು ಬಿಪಿ ನೋಡುವ ಪಟ್ಟಿ ತಂದರು. ನನ್ನ ಹಳೇ ಸ್ಟೂಡೆಂಟುಗಳ ವಯಸ್ಸಿನ ಹುಡುಗಿ. "ಇದನ್ನ ಮೊದ್ಲೇ ಹೇಳ್ಬೇಕು ಮೇಡಂ" ಅಂದರು. ಲ್ಯಾಬಿನಲ್ಲಿ ಮಕ್ಕಳು ಆಸಿಡ್ ಬಾಟಲಿ ಮುಚ್ಚಳ ತೆಗೆದಿಟ್ಟಾಗ ನಾನು ಯಾವ ದನಿಯಲ್ಲಿ ಮಾತಾಡುತ್ತೇನೋ ಅದೇ ದನಿ.

ನಾನು ಚಿಕ್ಕಮಗಳೂರಿನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು. ಮನೆ ಆಲ್ದೂರು ಕಡೆ, ಚಿಕ್ಕ ತೋಟ. ಮೈಗ್ರೇನಿಗೂ ನನಗೂ ಇಪ್ಪತ್ತು ವರ್ಷದ ಪರಿಚಯ. ಇಷ್ಟಾದರೂ ಆ ಮಾತ್ರೆ ನನ್ನ ಲೆಕ್ಕಕ್ಕೇ ಬರಲಿಲ್ಲ. ಮಕ್ಕಳ ಆಟದಲ್ಲಿ ತೀರಾ ಚಿಕ್ಕವರನ್ನು ಸೇರಿಸಿಕೊಳ್ಳುವಾಗ "ಇವ್ನು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂತೀವಲ್ಲ, ಹಾಗೆ. ಅವನೂ ಓಡುತ್ತಾನೆ, ಆದರೆ ಔಟಾದರೂ ಔಟಲ್ಲ. ನಮ್ಮ ಮನೆಗಳಲ್ಲಿ ತಲೆನೋವಿನ ಮಾತ್ರೆಗೆ ಇರುವ ಜಾಗವೂ ಅದೇ. ಸಾಸಿವೆ ಡಬ್ಬಿ ಪಕ್ಕ ಇರುತ್ತದೆ, ಔಷಧಿ ಡಬ್ಬಿಯಲ್ಲಿ ಇರುವುದಿಲ್ಲ.

ಡಾಕ್ಟರ್ ಯಾಕೆ ಗಾಬರಿಯಾದರು ಅಂತ ಹೇಳಬೇಕಾದರೆ ಆ ಸೂಜಿಯ ವಿಷಯದಿಂದಲೇ ಶುರು ಮಾಡಬೇಕು.

ಹಲ್ಲು ಕೀಳುವಾಗ ಕೊಡುವುದು ಲಿಗ್ನೊಕೇನ್. ಪುಸ್ತಕದಲ್ಲಿ ಇದಕ್ಕೆ ಸ್ಥಳೀಯ ಅರಿವಳಿಕೆ ಅನ್ನುತ್ತಾರೆ. ನನಗೆ ಆ ಪದ ಅಷ್ಟು ಸರಿ ಕಾಣುವುದಿಲ್ಲ. ಅರಿವು ಎಲ್ಲಿ ಅಳಿಯಿತು? ಕುರ್ಚಿಯಲ್ಲಿ ಬಿದ್ದವರಿಗೆ ಎಲ್ಲ ಅರಿವೂ ಇರುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಜನ ಹೇಳುವ 'ಜೋಮಿನ ಇಂಜೆಕ್ಷನ್' ಅನ್ನುವುದೇ ವಾಸಿ. ನೋವು ಇದ್ದಲ್ಲೇ ಇರುತ್ತದೆ, ಸುದ್ದಿ ಮಾತ್ರ ಮಿದುಳಿಗೆ ಮುಟ್ಟುವುದಿಲ್ಲ.

ಕೆರೆಯ ತೂಬು ನೋಡಿದ್ದೀರಲ್ಲ. ನರದ ಗೋಡೆಯ ಉದ್ದಕ್ಕೂ ಅಂಥ ಸಣ್ಣ ಸಣ್ಣ ತೂಬುಗಳಿವೆ. ಒಂದು ತೂಬು ತೆರೆದರೆ ಹೊರಗಿನ ಸೋಡಿಯಂ ಒಳಗೆ ನುಗ್ಗುತ್ತದೆ, ಆ ನುಗ್ಗಿದ ರಭಸಕ್ಕೆ ಪಕ್ಕದ ತೂಬು ತೆರೆಯುತ್ತದೆ, ಅದರಿಂದ ಅದರ ಪಕ್ಕದ್ದು. ನೋವಿನ ಸುದ್ದಿ ಹೀಗೆ ಹಲ್ಲಿನ ಬುಡದಿಂದ ಮಿದುಳಿನ ತನಕ ಹೋಗುತ್ತದೆ. ಲಿಗ್ನೊಕೇನ್ ಮಾಡುವುದು ಆ ತೂಬುಗಳನ್ನು ಮುಚ್ಚುವ ಕೆಲಸ. ಅದೂ ಹೊರಗಿನಿಂದಲ್ಲ, ನರದ ಒಳಕ್ಕೆ ಹೋಗಿ, ಒಳಗಿನಿಂದ ಬಿರಡೆ ಹಾಕುತ್ತದೆ.

ಒಳಕ್ಕೆ ಹೋಗುವುದೇ ಇದರಲ್ಲಿ ಚಂದದ ಭಾಗ. ಕೆಮಿಸ್ಟ್ರಿಯವಳಾದ್ದರಿಂದ ಒಂದು ನಿಮಿಷ ಸಹಿಸಿಕೊಳ್ಳಿ. ನರದ ಗೋಡೆ ಜಿಡ್ಡಿನದು. ಮೈಮೇಲೆ ವಿದ್ಯುತ್ ಚಾರ್ಜ್ ಇರುವ ಅಣು ಜಿಡ್ಡನ್ನು ದಾಟಲಾರದು. ಲಿಗ್ನೊಕೇನ್ ಅಣುಗಳು ನಮ್ಮ ದೇಹದಲ್ಲಿ ಎರಡು ವೇಷದಲ್ಲಿರುತ್ತವೆ. ಸುಮಾರು ಕಾಲು ಭಾಗ ಚಾರ್ಜ್ ಇಲ್ಲದವು, ಉಳಿದವು ಚಾರ್ಜ್ ಇರುವವು. ಚಾರ್ಜ್ ಇಲ್ಲದವು ಗೋಡೆ ದಾಟುತ್ತವೆ. ಒಳಗೆ ಹೋದಮೇಲೆ ಮತ್ತೆ ಚಾರ್ಜ್ ಹತ್ತಿಸಿಕೊಂಡು ತೂಬಿಗೆ ಅಡ್ಡ ಕೂರುತ್ತವೆ. ಒಂದು ವೇಷದಲ್ಲಿ ಹೋಗಿ ಇನ್ನೊಂದು ವೇಷದಲ್ಲಿ ಕೆಲಸ ಮಾಡುವುದು!

ಈಗ ಹಲ್ಲಿನ ಬುಡದಲ್ಲಿ ಕೀವು ಆಗಿದೆ ಅಂತಿಟ್ಟುಕೊಳ್ಳಿ. ಕೀವು ತುಂಬಿದ ಜಾಗ ಹುಳಿ, ಅಂದರೆ ಆಮ್ಲ ಜಾಸ್ತಿ. ಅಲ್ಲಿ ಬಹುಪಾಲು ಲಿಗ್ನೊಕೇನ್ ಹೊರಗೇ ಚಾರ್ಜ್ ಹತ್ತಿಸಿಕೊಂಡುಬಿಡುತ್ತದೆ. ಹುಳಿ ಅಳೆಯುವ ಪಿಎಚ್ (ಇದು ಇಳಿದಷ್ಟೂ ಹುಳಿ ಜಾಸ್ತಿ) 6ಕ್ಕೆ ಇಳಿದರೆ ಗೋಡೆ ದಾಟಬಲ್ಲವು ನೂರಕ್ಕೆ ಒಂದರಷ್ಟು ಮಾತ್ರ. ಎಷ್ಟು ಚುಚ್ಚಿದರೂ ಜೋಮು ಹಿಡಿಯದೇ ಇರುವುದಕ್ಕೆ ಇದೂ ಒಂದು ಕಾರಣ. "ಆ ಡಾಕ್ಟ್ರ ಕೈ ಸರಿ ಇಲ್ಲ" ಅಂತ ಬೈದುಕೊಂಡು ಬರುವವರು ಇದನ್ನು ಸ್ವಲ್ಪ ಯೋಚಿಸಬೇಕು. ಮೊದಲು ಕೀವು ಇಳಿಸಿ ಆಮೇಲೆ ಕೀಳೋಣ ಅನ್ನುವ ಡಾಕ್ಟರ್ ಸುಮ್ನೆ ಎರಡು ಸಲ ಫೀಸು ಕೀಳುತ್ತಿಲ್ಲ.

ಈ ಔಷಧಿಗಳ ಹೆಸರೆಲ್ಲ 'ಕೇನ್' ಅಂತ ಮುಗಿಯುವುದಕ್ಕೆ ಮೂಲ ಕೊಕೇನ್. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಅನ್ನುವ ಯುವ ವೈದ್ಯ ಕೊಕೇನ್ ದ್ರಾವಣವನ್ನು ಕಪ್ಪೆಯ ಕಣ್ಣಿಗೆ ಬಿಟ್ಟು, ಆಮೇಲೆ ತನ್ನ ಕಣ್ಣಿಗೇ ಬಿಟ್ಟುಕೊಂಡು ಗುಂಡುಸೂಜಿಯಿಂದ ಮುಟ್ಟಿ ನೋಡಿದ. ಏನೂ ಗೊತ್ತಾಗಲಿಲ್ಲ. ಕಣ್ಣಿನ ಆಪರೇಷನ್ನು ನೋವಿಲ್ಲದೆ ಆಗುವ ಕಾಲ ಅಲ್ಲಿಂದ ಶುರು. ಆದರೆ ಕೊಕೇನ್ ಚಟ ಹತ್ತಿಸುತ್ತದೆ, ಹೃದಯಕ್ಕೂ ಕೆಟ್ಟದ್ದು. ಬೇರೆ ಬೇಕಿತ್ತು. ಲಿಗ್ನೊಕೇನ್ ಹುಟ್ಟಿದ ಕಥೆ ಮಾತ್ರ ನಾನು ಕ್ಲಾಸಿನಲ್ಲಿ ಹೇಳುವುದಿಲ್ಲ, ಮಕ್ಕಳು ಕೆಟ್ಟಾರು ಅಂತ. 1930ರ ದಶಕದಲ್ಲಿ ಸ್ವೀಡನ್ನಿನ ಲ್ಯಾಬೊಂದರಲ್ಲಿ ಹೊಲ್ಗರ್ ಎರ್ಟ್‌ಮನ್ ಅನ್ನುವವರು ಬಾರ್ಲಿ ಗಿಡದಲ್ಲಿ ಸಿಗುವ ಪದಾರ್ಥದ ಹಿಂದೆ ಬಿದ್ದಿದ್ದರು. ಅದರ ಸೋದರನಂಥ ಒಂದು ಪುಡಿ ತಯಾರಾದಾಗ ನಾಲಿಗೆಗೆ ಹಚ್ಚಿಕೊಂಡು ರುಚಿ ನೋಡಿದರು. ತುಟಿ, ನಾಲಿಗೆ ಮರಗಟ್ಟಿತು. ಆ ಜಾಡು ಹಿಡಿದು ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಗ್ನೊಕೇನ್ ತಯಾರಿಸಿದರು. ಅವರ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷೆ ಮಾಡಿದ. ಲ್ಯಾಬಿನಲ್ಲಿ ಏನನ್ನೂ ಬಾಯಿಗೆ ಹಾಕಬೇಡಿ ಅಂತ ವರ್ಷವಿಡೀ ಕೂಗುವ ನಾನು ಇದನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಹಲ್ಲಿನ ಸೂಜಿಯಲ್ಲಿ ಲಿಗ್ನೊಕೇನ್ ಒಂದೇ ಇರುವುದಿಲ್ಲ. ಸಾಮಾನ್ಯವಾಗಿ ಜೊತೆಗೆ ಅಡ್ರಿನಲಿನ್ ಇರುತ್ತದೆ, ಹೆದರಿದಾಗ ನಮ್ಮ ಮೈಯೇ ಸುರಿಸುವ ಹಾರ್ಮೋನು. ಬಾಟಲಿ ಮೇಲೆ 1:80,000 ಅಂತ ಬರೆದಿದ್ದರೆ ಒಂದು ಗ್ರಾಂ ಅಡ್ರಿನಲಿನ್ 80 ಲೀಟರಿನಲ್ಲಿ ಕರಗಿದಷ್ಟು. ಡೈರಿಯ ದೊಡ್ಡ ಹಾಲಿನ ಕ್ಯಾನು ಎರಡಕ್ಕೆ ಒಂದು ಗ್ರಾಂ. ಇಷ್ಟೇ ಇಷ್ಟಾದರೂ ಅಲ್ಲಿನ ರಕ್ತನಾಳ ಬಿಗಿಯುತ್ತದೆ. ರಕ್ತ ಕಮ್ಮಿ ಸೋರುತ್ತದೆ, ಔಷಧಿ ಬೇಗ ಕೊಚ್ಚಿಹೋಗದೆ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ರಕ್ತಕ್ಕೆ ಸೇರಿದರೆ ಎದೆ ಡವಡವ, ಕೈ ನಡುಕ, ಐದು ಹತ್ತು ನಿಮಿಷ.

ಮದುವೆಗೆ ಮುಂಚೆ ಒಂದು ದವಡೆ ಹಲ್ಲು ಕೀಳಿಸಿದಾಗ ನನಗೆ ಹಾಗೇ ಆಯಿತು. ಎದೆ ಬಾಯಿಗೆ ಬಂದ ಹಾಗಾಗಿ ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಏನಾಯಿತು ಅಂತ ಅವತ್ತು ಯಾರೂ ಬಿಡಿಸಿ ಹೇಳಲಿಲ್ಲ. ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಪುರಾಣ ಹುಟ್ಟಿಕೊಂಡಿತು: "ಅವಳಿಗೆ ಆ ಸೂಜಿ ಆಗಲ್ಲ, ಅಲರ್ಜಿ." ಅಮ್ಮ ಇದನ್ನು ಮದುವೆ ಮಾತುಕತೆಯಲ್ಲಿ ಒಂದು ಬಿಟ್ಟು ಮಿಕ್ಕೆಲ್ಲ ಕಡೆ ಹೇಳಿದ್ದಾರೆ. ಲಿಗ್ನೊಕೇನಿಗೆ ನಿಜವಾದ ಅಲರ್ಜಿ ತುಂಬ ಅಪರೂಪ. ಜನ ಅಲರ್ಜಿ ಅನ್ನುವುದರಲ್ಲಿ ಹೆಚ್ಚಿನದು ಅಡ್ರಿನಲಿನ್ನಿನ ಡವಡವ, ಇಲ್ಲವೇ ಹೆದರಿ ತಲೆ ತಿರುಗಿದ್ದು.

ಹಾಗಂತ ನಿರಪಾಯ ಅಂತಲೂ ಅಲ್ಲ. ಸೋಡಿಯಂ ತೂಬುಗಳು ಹಲ್ಲಿನ ನರದಲ್ಲಿ ಮಾತ್ರ ಇಲ್ಲ, ಮಿದುಳಿನಲ್ಲಿವೆ, ಹೃದಯದಲ್ಲಿವೆ. ಔಷಧಿ ಮಿತಿ ಮೀರಿದರೆ ಅಥವಾ ನೇರ ರಕ್ತನಾಳಕ್ಕೆ ಹೋದರೆ ಮೊದಲು ಬಾಯಿಯ ಸುತ್ತ ಜುಮ್ ಅನ್ನುತ್ತದೆ, ನಾಲಿಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್. ಆಮೇಲೆ ಫಿಟ್ಸ್, ಕೊನೆಗೆ ಹೃದಯ. ಅಡ್ರಿನಲಿನ್ ಸೇರಿದ ಲಿಗ್ನೊಕೇನಿಗೆ ಮಿತಿ ಕಿಲೋ ತೂಕಕ್ಕೆ 7 ಮಿಲಿಗ್ರಾಂ, ಸೇರದಿದ್ದರೆ 4.5ರ ಆಸುಪಾಸು. ಒಂದು ಹಲ್ಲಿಗೆ ಬೇಕಾಗುವುದು ಎರಡು ಎಂ.ಎಲ್. ಆಸುಪಾಸು, ಅಂದರೆ ನಲವತ್ತು ಮಿಲಿಗ್ರಾಂ. ದೊಡ್ಡವರಿಗೆ ಮಿತಿ ತುಂಬ ದೂರ. ಪುಟ್ಟ ಮಕ್ಕಳಿಗೆ ಅಷ್ಟು ದೂರ ಅಲ್ಲ, ಅದಕ್ಕೇ ತೂಕ ಕೇಳುತ್ತಾರೆ. ನಮ್ಮ ನಾದಿನಿ ಮಗನಿಗೆ ಆದ ಅಡ್ಡಪರಿಣಾಮ ಇದ್ಯಾವುದೂ ಅಲ್ಲ. ಜೋಮು ಹಿಡಿದ ತುಟಿಯನ್ನು ಚ್ಯೂಯಿಂಗ್ ಗಮ್ ಥರ ಜಗಿದು, ಸಂಜೆಗೆ ತೊಂಡೆಹಣ್ಣು ಮಾಡಿಕೊಂಡಿದ್ದ.

ಇಷ್ಟು ಹಲ್ಲಿನ ಕಥೆ. ತಲೆಗೆ ಹೋಗುವ ದಾರಿಯೂ ಇಲ್ಲಿಂದಲೇ ಇದೆ.

ನನ್ನ ಅಮ್ಮನಿಗೂ ಅರೆತಲೆನೋವು. ಇಂಗ್ಲಿಷಿನ ಮೈಗ್ರೇನ್ ಕೂಡ ಗ್ರೀಕಿನ 'ಅರ್ಧ ತಲೆಬುರುಡೆ' ಅನ್ನುವುದರಿಂದ ಬಂದದ್ದು. ಎರಡು ಭಾಷೆ ಒಂದನ್ನೊಂದು ಕೇಳದೆ ಒಂದೇ ಹೆಸರಿಟ್ಟಿವೆ. ಅಮ್ಮನಿಗೆ ನೋವು ಬಲಗಣ್ಣಿನ ಹಿಂದೆ ಶುರುವಾಗಿ ಮೇಲಿನ ದವಡೆಗೆ ಇಳಿಯುತ್ತಿತ್ತು. ಅದಕ್ಕೆ ಅವರ ಎರಡು ಹಲ್ಲು ಹೋದವು. ಮೊದಲು ಒಂದು ಕಿತ್ತರು, ನೋವು ಹೋಗಲಿಲ್ಲ. ಪಕ್ಕದ್ದೂ ಕಿತ್ತರು. ಎರಡೂ ಗಟ್ಟಿಯಾಗಿದ್ದ ಹಲ್ಲುಗಳು. ಕಿತ್ತ ಡಾಕ್ಟರನ್ನು ನಾನು ಈಗ ಪೂರ್ತಿ ಬೈಯಲಾರೆ. ಹಣೆ, ಕಣ್ಣು, ಮೇಲ್ದವಡೆ, ಕೆಳದವಡೆ ಎಲ್ಲಕ್ಕೂ ಸುದ್ದಿ ಒಯ್ಯುವುದು ಒಂದೇ ನರ. ಟ್ರೈಜೆಮಿನಲ್ ಅಂತ ಅದರ ಹೆಸರು, ಮೂರು ಕವಲು. ಹಲ್ಲಿನ ಡಾಕ್ಟರ್ ಜೋಮು ಹಿಡಿಸುವುದು ಇದರ ಕವಲನ್ನೇ, ಮೈಗ್ರೇನ್ ಕೂರುವುದೂ ಇದರ ಮೇಲೆಯೇ. ಒಂದು ಕವಲಿನ ಗಲಾಟೆ ಇನ್ನೊಂದರಲ್ಲಿ ಕೇಳಿಸುವುದು ಹೆಚ್ಚೇನಲ್ಲ.

ವ್ಯತ್ಯಾಸ ಏನೆಂದರೆ ಹಲ್ಲು ನೋವಿಗೆ ಒಂದು ಹಲ್ಲು ಅಂತ ಇದೆ. ಮೈಗ್ರೇನಿಗೆ ಕೀಳುವಂಥದ್ದು ಏನೂ ಇಲ್ಲ. ಮಿದುಳಿಗೆ ಸ್ವಂತ ನೋವಿಲ್ಲ, ಅದರ ಹೊದಿಕೆಗೆ ಇದೆ. ಆ ಹೊದಿಕೆಯಲ್ಲಿರುವ ಟ್ರೈಜೆಮಿನಲ್ ತುದಿಗಳು ಕೆರಳಿ ಸಿಜಿಆರ್‌ಪಿ ಅನ್ನುವ ಪದಾರ್ಥ ಬಿಡುತ್ತವೆ. ರಕ್ತನಾಳ ಹಿಗ್ಗುತ್ತದೆ, ನರ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಆಮೇಲೆ ಬೆಳಕು ಚುಚ್ಚುತ್ತದೆ, ಒಗ್ಗರಣೆ ಸದ್ದೂ ಬೇಡ. ನಮ್ಮಲ್ಲಿ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಕಾಫಿ ಹೂವು. ಬೆಂಗಳೂರಿನವರು ಫೋಟೋ ತೆಗೆಯಲು ಬರುತ್ತಾರೆ. ನಾನು ಕಿಟಕಿ ಹಾಕಿಕೊಂಡು ಒಳಗೆ ಮಲಗಿರುತ್ತೇನೆ. ಅಷ್ಟು ಒಳ್ಳೆಯ ಪರಿಮಳ ಕೆಲವು ವರ್ಷ ನನ್ನ ಪಾಲಿಗೆ ಸುತ್ತಿಗೆ.

ನನಗೆ ಇನ್ನೊಂದು ತಮಾಷೆ ಇದೆ. ಕೆಲವು ಸಲ ನೋವಿಗೆ ಮುಂಚೆ ಎಡಗೈ ಬೆರಳ ತುದಿ ಜುಮ್ ಅನ್ನುತ್ತದೆ. ಅದು ನಿಧಾನವಾಗಿ ಮುಂಗೈಗೆ ಹತ್ತಿ, ಹತ್ತು ಹದಿನೈದು ನಿಮಿಷದಲ್ಲಿ ತುಟಿಗೆ ಬರುತ್ತದೆ. ಥೇಟು ಹಲ್ಲಿನ ಸೂಜಿಯ ಜೋಮು, ಸೂಜಿ ಮಾತ್ರ ಇಲ್ಲ. ಇದಕ್ಕೆ ಆರಾ ಅನ್ನುತ್ತಾರೆ. ಮಿದುಳಿನ ಮೇಲ್ಪದರದಲ್ಲಿ ಒಂದು ಅಲೆ ನಿಮಿಷಕ್ಕೆ ಮೂರು ಮಿಲಿಮೀಟರಿನಷ್ಟು ತೆವಳುತ್ತಾ ಹೋಗುವುದರಿಂದ ಹೀಗೆ. ಮೊದಲ ಸಲ ಲಕ್ವ ಹೊಡೆಯಿತು ಅಂತಲೇ ಅಂದುಕೊಂಡಿದ್ದೆ. ಲಕ್ವ ಹೀಗೆ ಹೆಜ್ಜೆ ಎಣಿಸಿಕೊಂಡು ಬರುವುದಿಲ್ಲ, ಸಾಮಾನ್ಯವಾಗಿ ದಿಢೀರ್ ಅಂತ ಬರುತ್ತದೆ. ಆದರೂ ಮೊದಲ ಸಲ ಹಾಗಾದರೆ ಮನೆಯಲ್ಲಿ ಕೂತು ನಿಮಿಷ ಎಣಿಸಬೇಡಿ, ಆಸ್ಪತ್ರೆಗೆ ಓಡಿ. ಇನ್ನೊಂದು ಮಾತು: ಆರಾ ಇರುವ ಹೆಂಗಸರಿಗೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆಯಿಂದ ಲಕ್ವದ ಅಪಾಯ ಹೆಚ್ಚುತ್ತದೆ. ಮುಟ್ಟು ಮುಂದೂಡಲು ಮಾತ್ರೆ ಕೇಳಲು ಹೋಗುವ ಹುಡುಗಿಯರು ಜುಮ್ ಅನ್ನುವ ವಿಷಯವನ್ನೂ ಬಾಯಿಬಿಟ್ಟು ಹೇಳಬೇಕು.

ಮಾತ್ರೆಗಳ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲ ಮಾತ್ರೆ ಕೊಟ್ಟಿದ್ದು ಡಾಕ್ಟರಲ್ಲ, ಮೆಡಿಕಲ್ ಶಾಪ್. "ಅರೆತಲೆನೋವಿಗೆ ಒಳ್ಳೇದು ಕೊಡಿ" ಅಂದೆ, ಕೊಟ್ಟರು. ಅದರಲ್ಲಿ ನಾಲ್ಕು ಬೆರಕೆ: ಎರ್ಗೊಟಮಿನ್, ಕೆಫೀನ್, ಪ್ಯಾರಾಸಿಟಮಾಲ್, ವಾಂತಿ ನಿಲ್ಲಿಸುವ ಒಂದು ಔಷಧಿ. ಎರ್ಗೊಟಮಿನ್ ಬಂದದ್ದು ರೈ ಅನ್ನುವ ಧಾನ್ಯಕ್ಕೆ ಹಿಡಿಯುವ ಬೂಷ್ಟಿನಿಂದ. ಹಿಂದೆ ಯುರೋಪಿನಲ್ಲಿ ಆ ಬೂಷ್ಟು ಹಿಡಿದ ಹಿಟ್ಟು ತಿಂದವರ ಕೈಕಾಲು ಉರಿದು ಕಪ್ಪಾಗಿ ಉದುರುತ್ತಿದ್ದವು. ರಕ್ತನಾಳವನ್ನು ಅಷ್ಟು ಬಿಗಿಯುತ್ತದೆ ಅದು. ಮಾತ್ರೆಯಲ್ಲಿರುವುದು ಅಳತೆಯಲ್ಲಿ, ನಿಜ. ಆದರೆ ನಾನು ನುಂಗುತ್ತಿದ್ದದ್ದು ಅಳತೆಯಲ್ಲಲ್ಲ. ಚಳಿಗಾಲದಲ್ಲಿ ಬೆರಳುಗಳು ತಣ್ಣಗೆ ಬೆಳ್ಳಗಾಗುತ್ತಿದ್ದವು, ಚಿಕ್ಕಮಗಳೂರಿನ ಚಳಿ ಅಂದುಕೊಂಡೆ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಥರದ ಆಂಟಿಬಯಾಟಿಕ್ ಜೊತೆ ಇದು ಸೇರಿದರೆ ನಿಜಕ್ಕೂ ಅಪಾಯ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನೆಗಡಿ ಕೆಮ್ಮಿಗೆ ಆಂಟಿಬಯಾಟಿಕ್ ಬರೆಯುವ ಡಾಕ್ಟರ್ "ಬೇರೆ ಮಾತ್ರೆ?" ಅಂದಾಗಲೂ ನಾನು "ಏನೂ ಇಲ್ಲ" ಅಂದವಳೇ.

ಕೊನೆಗೆ ತಲೆನೋವು ವಾರಕ್ಕೆ ನಾಲ್ಕು ದಿನ ಆಯಿತು. ಹಾಸನದಲ್ಲಿ ನರರೋಗದ ಡಾಕ್ಟರೊಬ್ಬರಿದ್ದಾರೆ ಅಂತ ಬೇಲೂರು ಮೇಲೆ ಬಸ್ಸಿನಲ್ಲಿ ಹೋದೆವು. ಅವರು ಸ್ಕ್ಯಾನ್ ಕೇಳಲಿಲ್ಲ. "ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೊಳ್ತೀರಿ?" ಅಂದರು.

"ನೋವು ಬಂದಾಗ ಮಾತ್ರ ಸರ್."

"ಅದು ಲೆಕ್ಕ ಅಲ್ಲ."

ಮನೆಗೆ ಬಂದು ಸಾಸಿವೆ ಡಬ್ಬಿ ಪಕ್ಕದ ಸ್ಟೀಲ್ ಡಬ್ಬಿ ಬೋರಲು ಹಾಕಿದೆ. ಖಾಲಿ ಸ್ಟ್ರಿಪ್ಪುಗಳು, ಕೆಲವು ಅರ್ಧಕ್ಕೆ ಕತ್ತರಿಸಿದ್ದು, ಬೆಳ್ಳಿ ಹಾಳೆ ಒಡೆದ ಗುಳಿಗಳು. ಯಾವುದನ್ನೂ ಎಸೆದಿರಲಿಲ್ಲ, ಅಂಗಡಿಯವನಿಗೆ ತೋರಿಸಲು ಬೇಕು ಅಂತ. ಯುಗಾದಿಗೆ ಆ ಡಬ್ಬಿ ತೊಳೆದಿಟ್ಟಿದ್ದೆ, ಅಲ್ಲಿಗೆ ಎರಡೂವರೆ ತಿಂಗಳು. ನೆಲದ ಮೇಲೆ ಕೂತು ಒಡೆದ ಗುಳಿಗಳನ್ನು ಬೆರಳಿಟ್ಟು ಎಣಿಸಿದೆ. ಅರವತ್ತೊಂದು. ಎರಡನೇ ಸಲ ಎಣಿಸಿದಾಗಲೂ ಅರವತ್ತೊಂದೇ.

ಡಾಕ್ಟರ್ ಹೇಳಿದ್ದು ಇದು: ಎರ್ಗಾಟ್ (ನನ್ನ ಎರ್ಗೊಟಮಿನ್ ಥರದ್ದು), ಟ್ರಿಪ್ಟಾನ್ (ಮೈಗ್ರೇನಿಗೇ ಅಂತ ಇರುವ ಇನ್ನೊಂದು ಬಗೆ), ಬೆರಕೆ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಜಾಸ್ತಿ, ಬರೀ ಪ್ಯಾರಾಸಿಟಮಾಲ್ ಥರದ್ದನ್ನು 15 ದಿನ ಅಥವಾ ಜಾಸ್ತಿ, ಮೂರು ತಿಂಗಳ ಮೇಲೂ ತಗೊಳ್ಳುತ್ತಾ ಹೋದರೆ ಮೈಗ್ರೇನ್ ಇರುವವರಿಗೆ ಆ ಮಾತ್ರೆಯೇ ತಲೆನೋವು ತರುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಬಿಡಬೇಕು, ಬಿಟ್ಟ ಮೊದಲ ವಾರಗಳಲ್ಲಿ ಇನ್ನೂ ಜೋರಾಗುತ್ತದೆ.

ಆ ವಾರಗಳಿಗೆ ಅಂತ ಅವರು ಕೊಟ್ಟದ್ದೇನು ಗೊತ್ತಾ? ಲಿಗ್ನೊಕೇನ್! ತಲೆಯ ಹಿಂದೆ, ಕೂದಲು ಮುಗಿಯುವ ಬುಡದಲ್ಲಿ ಎರಡು ಕಡೆ ಸಣ್ಣ ಸೂಜಿ. "ನನಗೆ ಅದು ಅಲರ್ಜಿ ಸರ್" ಅಂದೆ. ಪೂರ್ತಿ ಕಥೆ ಕೇಳಿ ನಕ್ಕರು, "ಇದರಲ್ಲಿ ಅಡ್ರಿನಲಿನ್ ಇಲ್ಲ" ಅಂದರು. ಕತ್ತಿನ ನರದ ಸುದ್ದಿಯೂ ಟ್ರೈಜೆಮಿನಲ್ ಸುದ್ದಿಯೂ ಮಿದುಳಿನ ಬುಡದಲ್ಲಿ ಒಂದೇ ಜಂಕ್ಷನ್ನಿಗೆ ಬರುತ್ತವೆ. ಬೇಲೂರಿನಲ್ಲಿ ಬಸ್ ನಿಲ್ಲಿಸಿದರೆ ಚಿಕ್ಕಮಗಳೂರಿಗೂ ತಟ್ಟುತ್ತದಲ್ಲ, ಅದೇ ಥರ ಅಂತ ನಾನು ಅರ್ಥ ಮಾಡಿಕೊಂಡೆ. ಜೋಮು ಇದ್ದದ್ದು ಎರಡು ಗಂಟೆ, ಆಗ ಬಾಚಣಿಗೆ ತಾಗಿದರೆ ಯಾರದೋ ತಲೆ ಬಾಚಿದ ಹಾಗೆ. ತಲೆ ಹಗುರಾಗಿದ್ದದ್ದು ಎರಡು ವಾರ. ಹಿಂದಲೆ ಮೂರು ದಿನ ಮುಟ್ಟಿದರೆ ನೋಯುತ್ತಿತ್ತು.

ಲೆಕ್ಕ ಇಡಿ ಅಂದಿದ್ದರು. ನಮ್ಮ ಮನೆಯಲ್ಲಿ ಆಗಲೇ ಒಂದು ಲೆಕ್ಕದ ಪುಸ್ತಕ ಇತ್ತು. ಮಾವ ದಿನಾ ಬೆಳಗ್ಗೆ ರೇನ್ ಗೇಜ್ ನೋಡಿ ಡೈರಿಯಲ್ಲಿ ಮಳೆ ಬರೆಯುತ್ತಾರೆ, ಇಂಚು ಮತ್ತು ಸೆಂಟಿನಲ್ಲಿ. ತೋಟ ಇರುವ ಮನೆಗಳಲ್ಲೆಲ್ಲ ಇರುವ ಅಭ್ಯಾಸ. ಅದರ ಅಂಚಿನಲ್ಲೇ ನಾನು ತಲೆನೋವು ಬಂದ ದಿನ 'ತ' ಅಂತ, ಮಾತ್ರೆಗೆ ಒಂದು ಚುಕ್ಕಿ ಹಾಕತೊಡಗಿದೆ. ಪಕ್ಕದ ತೋಟದವರು ಬಂದು ಮಳೆ ಹೋಲಿಸಿ ನೋಡುವಾಗ "ಇದೆಂತ ಗೌಡ್ರೇ, ತ ಅಂದ್ರೆ?" ಅಂದರಂತೆ. ಮಾವ ಮುಖ ಗಂಭೀರ ಮಾಡಿಕೊಂಡು "ತುಂತುರು" ಅಂದರಂತೆ.

ಮೂರು ತಿಂಗಳ 'ತ' ನೋಡಿದರೆ ಮಳೆಗೂ ಅದಕ್ಕೂ ಅಂಥ ಸಂಬಂಧ ಕಾಣಲಿಲ್ಲ. ನಾನು ಇಪ್ಪತ್ತು ವರ್ಷ ಮೋಡವನ್ನೇ ಬೈದಿದ್ದೆ. ಕಂಡದ್ದು ಭಾನುವಾರ. ವಾರದ ದಿನ ಆರಕ್ಕೆ ಕಾಫಿ. ಭಾನುವಾರ ಎದ್ದು ಕುಡಿಯುವಾಗ ಒಂಬತ್ತೂವರೆ. ಕೆಫೀನಿನ ಅಭ್ಯಾಸ ಇದ್ದವರಿಗೆ ಕೊನೆಯ ಲೋಟವಾಗಿ 12ರಿಂದ 24 ಗಂಟೆಯ ಒಳಗೆ ತಲೆನೋವು ಶುರುವಾಗಬಹುದು. ನಾನು ಸಂಜೆ ಐದಕ್ಕೆ ಕೊನೆಯ ಲೋಟ ಕುಡಿಯುವವಳು. ಲೆಕ್ಕ ಹಾಕಿ. ಅದರ ಮೇಲೆ ಮಾತ್ರೆಯಲ್ಲೂ ಕೆಫೀನ್. ಕಾಫಿ ನಾಡಿನಲ್ಲಿ ಕೂತು ಕಾಫಿಯನ್ನು ಔಷಧಿ ಅಂತ ಯಾರು ಎಣಿಸುತ್ತಾರೆ ಹೇಳಿ. ಅದೂ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇದೇ ಕಾಫಿ ಇನ್ನೊಂದು ತಲೆನೋವಿಗೆ ಮದ್ದು. ನನ್ನ ಚಿಕ್ಕಮ್ಮನ ಮಗಳಿಗೆ ಹಾಸನದಲ್ಲಿ ಸಿಸೇರಿಯನ್ ಆಯಿತು. ಬೆನ್ನಿಗೆ ಸೂಜಿ ಕೊಟ್ಟಿದ್ದರು, ಅದೂ ಲಿಗ್ನೊಕೇನಿನ ಅಣ್ಣ, ಬುಪಿವಕೇನ್. ಎರಡನೇ ದಿನ ಎದ್ದು ಕೂತರೆ ತಲೆ ಸಿಡಿಯುವುದು, ಮಲಗಿದರೆ ಮಾಯ. ಸೂಜಿ ಹೋದ ತೂತಿನಿಂದ ಬೆನ್ನುಹುರಿಯ ಸುತ್ತಲಿನ ನೀರು ಸೋರಿದರೆ ಹೀಗಾಗುತ್ತದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಅನ್ನುವ ಡಾಕ್ಟರ್ ಈ ಬೆನ್ನಿನ ಸೂಜಿಯನ್ನು ತನ್ನ ಮೇಲೇ ಪ್ರಯೋಗ ಮಾಡಿಸಿಕೊಂಡು ದಿನಗಟ್ಟಲೆ ಮೇಲೇಳಲಾರದೆ ಮಲಗಿದ್ದರು. ಈಗಿನ ಸೂಜಿಗಳು ತುಂಬ ಸಣ್ಣ, ಹಾಗಾಗಿ ಕಮ್ಮಿ. ಡಾಕ್ಟರ್ ಮಲಗಿರಿ, ನೀರು ಕುಡೀರಿ, ಕಾಫಿ ಕುಡೀರಿ ಅಂದರು. ಚಿಕ್ಕಮ್ಮ ಬಾಣಂತಿಗೆ ಕಾಫಿ ಕೊಡುವುದು ಹೇಗೆ ಅಂತ ಒಂದು ದಿನ ಪೂರ್ತಿ ಜಗಳ ಆಡಿದರು. ಕೊನೆಗೆ ಕೊಟ್ಟರು, ಮುಖ ಆಚೆ ತಿರುಗಿಸಿಕೊಂಡು.

ನೋವು ತಡೆಯಲು ದಿನಾ ತಗೊಳ್ಳುವ ಮಾತ್ರೆ ಅಂತ ನನಗೆ ಮೊದಲು ಬಂದದ್ದು ಫ್ಲುನರಿಜಿನ್. ತಲೆನೋವು ಇಳಿಯಿತು, ನಾಲ್ಕು ಕಿಲೋ ಏರಿತು, ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಮಕ್ಕಳಿಗಿಂತ ಮುಂಚೆ ನಾನು ತೂಕಡಿಸುತ್ತಿದ್ದೆ. ಕೆಲವರಿಗೆ ಮನಸ್ಸೂ ಕುಗ್ಗುತ್ತದೆ, ವಯಸ್ಸಾದವರಿಗೆ ಕೈನಡುಕ ಬರಬಹುದು. ಟೊಪಿರಮೇಟ್ ಅಂತ ಇನ್ನೊಂದಿದೆ. ಅದರಲ್ಲಿ ತೂಕ ಇಳಿಯುತ್ತದೆ, ಆದರೆ ಬೆರಳು ಜುಮ್ ಅನ್ನುತ್ತದೆ, ಮಾತಾಡುವಾಗ ಪದ ಸಿಗುವುದಿಲ್ಲ. ಪಾಠ ಮಾಡುವವಳಿಗೆ ಅದು ಬೇಡ ಅಂತ ಪ್ರೊಪ್ರನೊಲಾಲ್ ಕೊಟ್ಟರು. ಹೃದಯಕ್ಕೆ ಅಂತ 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಮಾಡಿದ ಔಷಧಿ ಇದು. ಹೃದಯದ ರೋಗಿಗಳಲ್ಲಿ ಮೈಗ್ರೇನ್ ಇದ್ದವರಿಗೆ ತಲೆನೋವೂ ಕಮ್ಮಿಯಾದದ್ದು ಆಕಸ್ಮಿಕವಾಗಿ ಕಂಡಿತು. ಉಬ್ಬಸ ಇರುವವರಿಗೆ ಆಗದು. ನನಗೆ ಉಬ್ಬಸ ಇಲ್ಲ. ಕಾಲೇಜಿನ ಮಕ್ಕಳ ಜೊತೆ ಮುಳ್ಳಯ್ಯನಗಿರಿ ಹತ್ತುವಾಗ ಮಾತ್ರ ಗೊತ್ತಾಯಿತು. 1,930 ಮೀಟರಿನ ತುದಿಗೆ ಆ ಮೆಟ್ಟಿಲು ಹತ್ತುವಾಗ ಕಾಲು ಓಡು ಅನ್ನುತ್ತದೆ, ಎದೆ ನಾನು ಇಷ್ಟೇ ಹೊಡೆಯುವುದು ಅನ್ನುತ್ತದೆ. ಎತ್ತಿನಗಾಡಿಗೆ ಬ್ರೇಕ್ ಹಾಕಿ ಏರು ಹತ್ತಿಸಿದ ಹಾಗೆ.

ನೋವು ಬಂದೇಬಿಟ್ಟರೆ ಸುಮಟ್ರಿಪ್ಟಾನ್ ಇದೆ. 1991ರಲ್ಲಿ ಬಂದದ್ದು. ಅದು ನೋವಿನ ಮಾತ್ರೆಯೇ ಅಲ್ಲ, ಹಲ್ಲುನೋವಿಗೆ ಅದನ್ನು ನುಂಗಿದರೆ ಏನೂ ಆಗುವುದಿಲ್ಲ. ನರಗಳ ನಡುವೆ ಸುದ್ದಿ ಒಯ್ಯುವ ಸೆರೊಟೊನಿನ್ ಅನ್ನುವ ಪದಾರ್ಥದ ಎರಡು ಬೀಗಗಳಿಗೆ ಮಾಡಿಸಿದ ಕೀಲಿಕೈ. ಹಿಗ್ಗಿದ ನಾಳ ಬಿಗಿಯುತ್ತದೆ, ನರ ಸಿಜಿಆರ್‌ಪಿ ಬಿಡುವುದು ನಿಲ್ಲುತ್ತದೆ. ಮೊದಲ ಸಲ ತಗೊಂಡಾಗ ಕತ್ತು, ಎದೆ ಯಾರೋ ಹಿಡಿದುಕೊಂಡ ಹಾಗಾಯಿತು. ಇಪ್ಪತ್ತು ನಿಮಿಷ, ಆಮೇಲೆ ಬಿಟ್ಟಿತು. ಹೆಚ್ಚಿನವರಲ್ಲಿ ಅದು ಅಪಾಯದ್ದಲ್ಲ, ಆದರೆ ಹೃದಯದ ಕಾಯಿಲೆ ಇದ್ದವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಅದನ್ನು ಮುಟ್ಟಬಾರದು. ಹಳೇ ಎರ್ಗಾಟ್ ಮಾತ್ರೆ ನುಂಗಿದ 24 ಗಂಟೆಯೊಳಗೂ ಬೇಡ. ಇದನ್ನು ತಡಮಾಡದೆ ತಗೊಳ್ಳಬೇಕು. ಮೈಗ್ರೇನ್ ಏರಿದಮೇಲೆ ಹೊಟ್ಟೆಯೇ ಕೆಲಸ ನಿಲ್ಲಿಸುತ್ತದೆ, ಮಾತ್ರೆ ಅಲ್ಲೇ ಕೂತಿರುತ್ತದೆ. ಸಿಜಿಆರ್‌ಪಿಯನ್ನೇ ಹಿಡಿಯುವ ಹೊಸ ಇಂಜೆಕ್ಷನ್ನುಗಳು 2018ರಿಂದ ಬಂದಿವೆ. ನನ್ನ ಡಾಕ್ಟರ್ ಹೆಸರು ಹೇಳಿದರು, ಬೆಲೆಯನ್ನೂ ಹೇಳಿದರು, ಇಬ್ಬರೂ ಸುಮ್ಮನಾದೆವು.

ಈಗ ಕುರ್ಚಿಗೆ ವಾಪಸ್. ಪ್ರೊಪ್ರನೊಲಾಲ್ ಅಡ್ರಿನಲಿನ್ನಿನ ಎರಡು ಬಾಗಿಲು ಮುಚ್ಚಿರುತ್ತದೆ: ಎದೆಬಡಿತ ಹೆಚ್ಚಿಸುವುದು, ನಾಳ ಹಿಗ್ಗಿಸುವುದು. ನಾಳ ಬಿಗಿಯುವ ಬಾಗಿಲು ಮಾತ್ರ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಅಡ್ರಿನಲಿನ್ ಜಾಸ್ತಿ ಒಳಗೆ ಹೋದರೆ ಬಿಪಿ ಸರ್ರನೆ ಏರಿ ನಾಡಿ ಇಳಿಯಬಹುದು. ಎಲ್ಲರಿಗೂ ಆಗುತ್ತದೆ ಅಂತಲ್ಲ. ಸ್ವಲ್ಪವೇ ಕೊಟ್ಟು ಬಿಪಿ ನೋಡುತ್ತಾ ನಿಭಾಯಿಸುವವರೂ ಇದ್ದಾರೆ, ಆದರೆ ಅದಕ್ಕೆ ಮೊದಲು ಗೊತ್ತಿರಬೇಕು. "ಹಾಗಾದ್ರೆ ಮಾತ್ರೆ ಎರಡು ದಿನ ಬಿಟ್ಟು ಬರ್ಲಾ?" ಅಂತ ನಾನು ಜಾಣತನ ತೋರಿಸಿದೆ. "ಅದಂತೂ ಬೇಡವೇ ಬೇಡ, ದಿಢೀರ್ ಬಿಟ್ರೆ ಇನ್ನೂ ಕಷ್ಟ" ಅಂದರು.

ಅಡ್ರಿನಲಿನ್ ಇಲ್ಲದ ಬಾಟಲಿ ತಂದರು. ನಿಧಾನ ಚುಚ್ಚಿದರು. ಅದು ಬೇಗ ಇಳಿಯುತ್ತದೆ, ಅರ್ಧದಲ್ಲಿ ಇನ್ನೊಂದು ಸಲ ಕೊಡಬೇಕಾಯಿತು. ಹಲ್ಲು ಎಳೆಯುವಾಗ ನೋವಿಲ್ಲ, ಆದರೆ ಒತ್ತಿದ್ದು, ಎಳೆದದ್ದು, ದವಡೆಯೊಳಗೆ ಕರಕರ ಅಂದದ್ದು ಎಲ್ಲ ಗೊತ್ತಾಗುತ್ತಿತ್ತು. ನೋವು ಒಯ್ಯುವ ಸಣ್ಣ ಎಳೆಗಳು ಮೊದಲು ಮಲಗುತ್ತವೆ, ಒತ್ತಡ ಒಯ್ಯುವ ದಪ್ಪ ಎಳೆಗಳು ಕೊನೆಗೆ, ಕೆಲವು ಮಲಗುವುದೇ ಇಲ್ಲ.

ಮನೆಗೆ ಬಂದಾಗ ಕೆಳತುಟಿ ಅರ್ಧ ಇನ್ನೂ ನನ್ನದಾಗಿರಲಿಲ್ಲ. ಜಗುಲಿಯಲ್ಲಿ ಅತ್ತೆ ಕಾಫಿ ತಂದಿಟ್ಟರು. ಈಗಲೇ ಕುಡಿದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ ಅಂತ ಲೋಟ ಮುಂದಿಟ್ಟುಕೊಂಡು ಕೂತೆ. ಕೆನೆ ಕಟ್ಟಿತು. ಮಾವ ಡೈರಿ ತೆಗೆದು ಕನ್ನಡಕ ಹಾಕಿಕೊಂಡರು.

"ಇವತ್ತು ಎಂತ ಬರೀಲಿ ಮಗಾ? ಮಳೆ ಇಲ್ಲ."

"ಹಲ್ಲು ಒಂದು" ಅಂದೆ. ಅರ್ಧ ತುಟಿಯಲ್ಲಿ 'ಅಲ್ಲು' ಅಂತ ಬಂತು. ಅವರು ಹಾಗೇ ಬರೆದರು. ನಾನು ಪೆನ್ನು ತಗೊಂಡು ಪಕ್ಕದಲ್ಲಿ ಪ್ರೊಪ್ರನೊಲಾಲಿಗೂ ಒಂದು ಚುಕ್ಕಿ ಹಾಕಿದೆ. ಆಮೇಲೆ ಲೋಟ ನೋಡಿ, ಕಾಫಿಗೆ ಒಂದು.